ಸಮಸ್ಯಾಪೂರಣ (ಕೊಟ್ಟ ಕೊನೆಯ ಸಾಲಿಗೆ ಹೊಂದುವಂತೆ ಪದ್ಯ ಕಟ್ಟುವುದು): ‘ಹಸಿರೆಲೆಯಂ ಬಿಳಿಯ ಕಾಗದಂ ಕೊಂದುದಲಾ’

ಪೃಚ್ಛಕ (ಸಮಸ್ಯೆ ಕೊಟ್ಟವರು): ಬಾಳೆಲೆಯನ್ನು ಕಾಗದದ ತಟ್ಟೆ ಓಡಿಸಿತೆಂಬ ಪೂರಣ ಆಗಲೇ ಬಂದಿದೆ, ಚೆನ್ನಾಗಿದೆ. ಮುಂದಿನವರು ಬರಲಿ.

ಕಂದಪ್ರಿಯ: ನನ್ನದು ಅಮೆರಿಕದ ಸ್ವಾತಂತ್ರ್ಯ ಸಮರದ ಪ್ರಸಂಗ. 1780ರ ಜೂನ್ 20ರ ಬೆಳಗ್ಗೆ ಉತ್ತರ ಕೆರೊಲಿನಾದ ರ‍್ಯಾಮ್ಸೋರ್ ಗಿರಣಿಯ ಬಳಿ ಕಾದಾಡಿದ ಎರಡು ಪಡೆಗಳಿಗೂ ಸಮವಸ್ತ್ರವಿರಲಿಲ್ಲವಾದ್ದರಿಂದ, ಬ್ರಿಟಿಷ್ ದೊರೆಯ ಪಕ್ಷದವರು ಟೋಪಿಗೆ ಹಸಿರು ಚಿಗುರನ್ನೂ ಸ್ವಾತಂತ್ರ್ಯಪಕ್ಷದವರು ಬಿಳಿಯ ಕಾಗದದ ಚೂರನ್ನೂ ಸಿಕ್ಕಿಸಿಕೊಂಡಿದ್ದರು.

ಮುಸುಕಿದ ಮಂಜಿನ ನಡುವೊಳ್
ಹೊಸ ಕುರುಹಂ ತಲೆಯೊಳಾಂತು ಪರರಂ ಪೊಯ್ದರ್ |
ಬಿಸುನೆತ್ತರ್ ಸುರಿಯಲ್ಕಾ
ಹಸಿರೆಲೆಯಂ ಬಿಳಿಯ ಕಾಗದಂ ಕೊಂದುದಲಾ ||

ಪೃಚ್ಛಕ: ಭೇಷ್.

ಹಳೆಗನ್ನಡಿಗ: ಭೇಷ್ ಎನ್ನುವ ಮೊದಲು ‘ಪರರಂ’ ಎಂಬುದನ್ನು ನೋಡಬೇಕು, ಸ್ವಾಮಿ. ಅಲ್ಲಿ ಪರರು ಯಾರಿದ್ದರು? ಬ್ರಿಟಿಷ್ ಸೈನ್ಯದ ತುಕಡಿಯೇ ಆ ಕಾಳಗದಲ್ಲಿರಲಿಲ್ಲ. ಸ್ವಾತಂತ್ರ್ಯಪಕ್ಷದ ಫ್ರಾನ್ಸಿಸ್ ಲಾಕ್‌ನ ಸುಮಾರು 400 ಜನರೂ ದೊರೆಯ ಪಕ್ಷದ ಜಾನ್ ಮೂರ್‌ನ ಸುಮಾರು 1300 ಜನರೂ ಅದೇ ಸೀಮೆಯ ಒಕ್ಕಲುಗಳು, ನೆರೆಹೊರೆಯವರು, ನಂಟರು. ಬಂದೂಕಿನ ತುದಿಗೆ ಈಟಿಯಿಲ್ಲದೆ ಅದರ ಹಿಡಿಯಿಂದಲೇ ಪರಸ್ಪರ ತಲೆ ಒಡೆದುಕೊಂಡರು. ಇನ್ನು ‘ಪೊಯ್ದರ್’ (ಹೊಡೆದರು) ಎಂದು ಹಳೆಗನ್ನಡದ ಪಕಾರ ಹಿಡಿದವರು ‘ಪೊಸ’ ಎನ್ನದೆ ‘ಹೊಸ’ ಎಂದದ್ದೇಕೆ?

ಕಂದಪ್ರಿಯ: ಸಮಸ್ಯೆಯೇ ‘ಹಸಿರೆಲೆ’ ಎನ್ನುತ್ತಿರುವಾಗ ನನ್ನ ‘ಹೊಸ’ ಮಾತ್ರ ತಮ್ಮ ಕಣ್ಣಿಗೆ ಚುಚ್ಚಿತೇ? ಯುಗಾದಿಯ ಸಮಸ್ಯೆಯಲ್ಲಿ ನನ್ನ ಶಿಥಿಲದ್ವಿತ್ವವನ್ನು (ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘುವಾಗಿ ಎಣಿಸುವುದನ್ನು) ಮೂರು ದಿನ ಹಿಡಿದೆಳೆದವರು ತಾವು. ನಂಟನಾದರೂ ಟೋಪಿಯಲ್ಲಿ ಹಸಿರು ಚಿಗುರು ಕಂಡೊಡನೆ ಪರನಾದನೆಂಬುದೇ ‘ಪರರಂ’ ಪದದ ಧ್ವನಿ.

ಹಳೆಗನ್ನಡಿಗ: ಆ ಧ್ವನಿ ತಮ್ಮ ವಿವರಣೆಯಲ್ಲಿದೆ, ಪದ್ಯದಲ್ಲಿಲ್ಲ. ಕುರುಹುಗಳು ಉದುರಿದ ಮೇಲೆ ಯಾರು ಯಾವ ಕಡೆಯವರೆಂದು ತಿಳಿಯದೆ ಎಷ್ಟೋ ಹೆಣಗಳನ್ನು ಒಂದೇ ಗುಂಡಿಯಲ್ಲಿ ಹೂಳಬೇಕಾಯಿತು. ಕೊಯ್ಲು ಮುಗಿಯುವವರೆಗೆ ತಡೆಯಿರೆಂದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಹೇಳಿಕಳುಹಿಸಿದ್ದನ್ನು ಮೂರ್ ಕೇಳಿದ್ದರೆ, ಆ ದಿನ ಅವರೆಲ್ಲ ತಂತಮ್ಮ ಗೋಧಿಹೊಲದಲ್ಲಿರುತ್ತಿದ್ದರು. ಅಂಥವರನ್ನು ಪರರೆಂದರೆ ನನಗೆ ಸಂಕಟವಾಗುತ್ತದೆ. ‘ನಂಟರೆ ಪೊಯ್ದರ್’ ಎನ್ನಿ, ಛಂದಸ್ಸಿನ ಗಣವೂ ಕೆಡುವುದಿಲ್ಲ.

ಪೃಚ್ಛಕ: ‘ನಂಟರೆ’ ಎಂದೊಡನೆ ಕೊನೆಯ ಸಾಲಿನ ‘ಕೊಂದುದಲಾ’ ಇನ್ನೊಂದು ತೂಕ ಪಡೆಯುತ್ತದೆ, ಕಂದಪ್ರಿಯರೆ.

ಕಂದಪ್ರಿಯ: ಒಂದೇ ಗುಂಡಿಯ ಮಾತು ಓದಿದ ಮೇಲೆ ‘ಪರರಂ’ ನನಗೂ ಉಳಿಯಲಿಲ್ಲ. ಎರಡನೆಯ ಸಾಲನ್ನು ‘ಹೊಸ ಕುರುಹಂ ತಲೆಯೊಳಾಂತು ನಂಟರೆ ಪೊಯ್ದರ್’ ಎಂದು ಓದಿಕೊಳ್ಳಿ. ‘ಹೊಸ’ ಮಾತ್ರ ‘ಪೊಸ’ ಆಗುವುದಿಲ್ಲ.

ಹಳೆಗನ್ನಡಿಗ: ಅದನ್ನು ನಾಳೆ ನೋಡೋಣ.