"ಪರಿಶೀಲಿಸಲಾಗುವುದು" ಅಂದ್ರೆ ಆಗುತ್ತಾ, ಆಗಲ್ವಾ? ಸದನದ ಉತ್ತರ ಓದೋದು ಹೇಗೆ?

ಹಳ್ಳದಾಚೆಯವ ಕೇಳಿದ್ದು:

ನಮ್ಮ ಶಾಸಕರು ಊರ ಹಳ್ಳಕ್ಕೆ ಸೇತುವೆ ಬೇಕು ಅಂತ ವಿಧಾನಸಭೆಯಲ್ಲಿ ಚುಕ್ಕೆ ರಹಿತ (ಲಿಖಿತ ಉತ್ತರ ಮಾತ್ರ ಸಿಗುವ) ಪ್ರಶ್ನೆ ಹಾಕಿದ್ದರು. ಉತ್ತರದ ಪಿಡಿಎಫ್ ಸಿಕ್ಕಿದೆ. ಊರಿನ ಹೆಸರು ತೆಗೆದು ಇಲ್ಲಿ ಹಾಕ್ತಿದ್ದೇನೆ.

ಅ) ಸೇತುವೆ ಇಲ್ಲದೆ ಮಳೆಗಾಲದಲ್ಲಿ ಸಂಪರ್ಕ ಕಡಿತಗೊಳ್ಳುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? – ಬಂದಿದೆ.

ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? – ಸದರಿ ಕಾಮಗಾರಿಗೆ ಅಂದಾಜು ಪಟ್ಟಿ ತಯಾರಿಸಲು ಸಂಬಂಧಪಟ್ಟ ಅಧಿಕಾರಿಗಳಿಗೆ ಸೂಚಿಸಲಾಗಿದೆ. ಅನುದಾನದ ಲಭ್ಯತೆ ಹಾಗೂ ಆದ್ಯತೆಯ ಮೇರೆಗೆ ಕಾಮಗಾರಿ ಕೈಗೊಳ್ಳುವ ಬಗ್ಗೆ ಪರಿಶೀಲಿಸಲಾಗುವುದು.

ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು? – ಉದ್ಭವಿಸುವುದಿಲ್ಲ.

ಇತ್ತ ಬಸ್ ಸ್ಟ್ಯಾಂಡ್‌ನಲ್ಲಿ "ಸೇತುವೆಗೆ ತಾತ್ವಿಕ ಒಪ್ಪಿಗೆ, ಅಭಿನಂದನೆಗಳು" ಅಂತ ಫ್ಲೆಕ್ಸ್ ಎದ್ದಿದೆ. ಸೇತುವೆ ಮಂಜೂರಾಗಿದೆಯೋ ಇಲ್ಲವೋ? ಇಂಥ ಭಾಷೆ ಬಿಡಿಸಿ ಓದೋಕೆ ಏನಾದರೂ ದಾರಿ ಇದೆಯಾ?

---

ಕಡತಪ್ರಿಯ ಉತ್ತರ:

ಮಂಜೂರಾಗಿಲ್ಲ ಸರ್. ಅಂದಾಜು ಪಟ್ಟಿಯೇ ಇನ್ನೂ ಆಗಿಲ್ಲ ಅಂತ ಉತ್ತರವೇ ಹೇಳುತ್ತಿದೆ.

ಇಂಥದ್ದನ್ನು ಓದುವಾಗ ನಾಮಪದಗಳನ್ನು ಬಿಟ್ಟು ಕ್ರಿಯಾಪದದ ಬಾಲ ನೋಡಿ. "ಆದೇಶಿಸಿದೆ", "ಬಿಡುಗಡೆ ಮಾಡಿದೆ" ಅಂತಿದ್ದರೆ ಯಾರೋ ಏನೋ ಮಾಡಿ ಮುಗಿಸಿದ್ದಾರೆ. "-ಲಾಗಿದೆ" ಅಂತಿದ್ದರೆ ಕೆಲಸ ಆಗಿರಬಹುದು, ಆದರೆ ಮಾಡಿದವರು ಯಾರು ಅನ್ನೋದು ಮಾಯ. "-ಲಾಗುತ್ತಿದೆ" ಎಷ್ಟು ವರ್ಷ ಬೇಕಾದರೂ ನಿಜವಾಗಿಯೇ ಉಳಿಯುವ ಮಾತು. "-ಲಾಗುವುದು" ಅನ್ನೋದಕ್ಕೆ ಕರ್ತೃವೂ ಇಲ್ಲ, ತಾರೀಖೂ ಇಲ್ಲ.

ಈಗ ನಿಮ್ಮ (ಆ) ನೋಡಿ. ಕೊನೆಯ ವಾಕ್ಯದಲ್ಲಿ ಭರವಸೆ ಇರೋದು ಸೇತುವೆಗಲ್ಲ, ಪರಿಶೀಲನೆಗೆ. "ಕಾಮಗಾರಿ ಕೈಗೊಳ್ಳಲಾಗುವುದು" ಅಂತಿದ್ದರೆ ಅದು ಬೇರೆ ಮಾತು. "ಕೈಗೊಳ್ಳುವ ಬಗ್ಗೆ ಪರಿಶೀಲಿಸಲಾಗುವುದು" ಅಂದಾಗ ಸೇತುವೆ ಒಂದು ಮೆಟ್ಟಿಲು ಹಿಂದೆ ಹೋಯಿತು. ಅದರ ಮುಂದೆ "ಅನುದಾನದ ಲಭ್ಯತೆ" ಅನ್ನೋ ಬೀಗ, ಅದರ ಮೇಲೆ "ಆದ್ಯತೆ" ಅನ್ನೋ ಇನ್ನೊಂದು ಬೀಗ. ಹಣ ಬಂದರೂ ಆದ್ಯತೆ ಪಟ್ಟಿಯಲ್ಲಿ ನಿಮ್ಮ ಹಳ್ಳ ಮೇಲಿರಲಿಲ್ಲ ಅನ್ನಬಹುದು.

"ಸಂಬಂಧಪಟ್ಟ ಅಧಿಕಾರಿಗಳಿಗೆ ಸೂಚಿಸಲಾಗಿದೆ" ಅನ್ನೋದಕ್ಕೆ ಪತ್ರದ ಸಂಖ್ಯೆ, ದಿನಾಂಕ ಜೊತೆಗಿದ್ದರೆ ಮಾತ್ರ ಬೆಲೆ. ಇಲ್ಲದಿದ್ದರೆ ಫೋನಲ್ಲಿ ಹೇಳಿದ್ದೂ ಸೂಚನೆಯೇ.

(ಇ)ಗೆ ಸಿಕ್ಕ "ಉದ್ಭವಿಸುವುದಿಲ್ಲ" ಹೇಗೆ ಹುಟ್ಟುತ್ತೆ ಅನ್ನೋದು ಸ್ವಾರಸ್ಯ. ಪ್ರಶ್ನೆಗಳನ್ನು "ಬಂದಿದ್ದಲ್ಲಿ", "ಹಾಗಿದ್ದಲ್ಲಿ" ಅಂತ ಸರಪಳಿಯಾಗಿ ಬರೆಯೋದು ವಾಡಿಕೆ. ಮೇಲಿನ ಕೊಂಡಿ ಸಡಿಲವಾದರೆ ಕೆಳಗಿನದೆಲ್ಲ ತಾನಾಗಿಯೇ ಕಳಚಿ ಬೀಳುತ್ತೆ. ಹಾಗಾಗಿ ಮುಂದಿನ ಸಲ ಕಾಲಮಿತಿಯ ಪ್ರಶ್ನೆಯನ್ನು ಸ್ವತಂತ್ರವಾಗಿ ಬರೆಯಲು ಶಾಸಕರ ಆಪ್ತ ಸಹಾಯಕರಿಗೆ ಹೇಳಿ: "ಅಂದಾಜು ಪಟ್ಟಿ ಸಲ್ಲಿಕೆಯಾದ ದಿನಾಂಕ ಯಾವುದು? ಮೊತ್ತ ಎಷ್ಟು? ಯಾವ ಕಚೇರಿಯಲ್ಲಿದೆ?" ಇವಕ್ಕೆ "ಉದ್ಭವಿಸುವುದಿಲ್ಲ" ಅನ್ನೋದು ಕಷ್ಟ. ಸಾಧ್ಯವಾದರೆ ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೊಡಲಿ. ಅದರಲ್ಲಿ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಕೇಳೋಕೆ ಅವಕಾಶ ಇರುತ್ತೆ. ಚುಕ್ಕೆ ಇಲ್ಲದ್ದಕ್ಕೆ ಕಾಗದದ ಉತ್ತರ ಬಂದರೆ ಕಥೆ ಮುಗೀತು.

---

ಲೆಕ್ಕಶೀರ್ಷಿಕೆ ಉತ್ತರ:

ಫ್ಲೆಕ್ಸ್ ವಿಷಯಕ್ಕೆ ಬರ್ತೀನಿ. ಕಾಮಗಾರಿಯ ದಾರಿ ಸುಮಾರಾಗಿ ಹೀಗೆ: ಪ್ರಸ್ತಾವನೆ, ಅಂದಾಜು ಪಟ್ಟಿ ಅಥವಾ ಡಿಪಿಆರ್ (ವಿಸ್ತೃತ ಯೋಜನಾ ವರದಿ), ಆರ್ಥಿಕ ಇಲಾಖೆಯ ಸಹಮತಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ತಾತ್ವಿಕ ಒಪ್ಪಿಗೆ ಇದರ ಹೊಸ್ತಿಲಲ್ಲಿ ಬರುವಂಥದ್ದು. "ಬೇಡ ಅನ್ನಲ್ಲ, ಕಾಗದ ತನ್ನಿ" ಅನ್ನೋದಷ್ಟೇ ಅದರ ಅರ್ಥ. ರಾಜಕಾರಣಿಗಳು ಈ ಪ್ರತಿ ಮೆಟ್ಟಿಲನ್ನೂ "ಮಂಜೂರು" ಅಂತಲೇ ಕರೀತಾರೆ. ಹಾಗಾಗಿ ಒಂದೇ ಸೇತುವೆಗೆ ನಾಲ್ಕು ಸಲ ಹಾರ ಬೀಳುತ್ತೆ. ಗುದ್ದಲಿ ಪೂಜೆಯಂತೂ ಈ ಪಟ್ಟಿಯಲ್ಲೇ ಇಲ್ಲ, ಎಲ್ಲಿ ಬೇಕಾದರೂ ನಡೆಯಬಹುದು.

ಸರ್ಕಾರಿ ಆದೇಶ ತೋರಿಸಿ ಅಂತ ಕೇಳಿ. ಮೇಲೆ "ಕರ್ನಾಟಕ ಸರ್ಕಾರದ ನಡವಳಿಗಳು", ಕೆಳಗೆ "ಓದಲಾಗಿದೆ", ಆಮೇಲೆ ಪ್ರಸ್ತಾವನೆ, ಆಮೇಲೆ ಆದೇಶ ಇರುತ್ತೆ. ಕೊನೆಗೆ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಸಹಿ. ಜನ ಮೊತ್ತ ನೋಡಿ ಖುಷಿಪಡ್ತಾರೆ. ನೀವು ಆರ್ಥಿಕ ಇಲಾಖೆಯ ಟಿಪ್ಪಣಿ ಸಂಖ್ಯೆ ನಮೂದಾಗಿದೆಯಾ ಅಂತ ಹುಡುಕಿ, ಆಮೇಲೆ ಲೆಕ್ಕಶೀರ್ಷಿಕೆ, ಅಂದರೆ ದುಡ್ಡು ಯಾವ ಬಾಬ್ತಿನದು ಅಂತ ತೋರಿಸೋ ಸಂಖ್ಯೆ. ಅದರ ಮೊದಲ ನಾಲ್ಕು ಅಂಕಿ 5054 ಇದ್ದರೆ ರಸ್ತೆ ಮತ್ತು ಸೇತುವೆಗಳ ಬಂಡವಾಳ ವೆಚ್ಚ, ಅಂದರೆ ಹೊಸದಾಗಿ ಕಟ್ಟೋ ದುಡ್ಡು. 3054 ಇದ್ದರೆ ಅದೇ ರಸ್ತೆ-ಸೇತುವೆಗಳ ರಾಜಸ್ವ ವೆಚ್ಚ, ಹೆಚ್ಚಾಗಿ ನಿರ್ವಹಣೆ. ಸಾಮಾನ್ಯ ಸೂತ್ರ: 2, 3ರಿಂದ ಶುರುವಾದರೆ ರಾಜಸ್ವ ವೆಚ್ಚ, 4, 5 ಬಂಡವಾಳ, 6, 7 ಸಾಲ.

ಬಜೆಟ್ ಭಾಷಣದಲ್ಲೂ ಇದೇ ಆಟ. "500 ಕೋಟಿ ರೂ. ವೆಚ್ಚದಲ್ಲಿ ಹಂತ ಹಂತವಾಗಿ ಕೈಗೊಳ್ಳಲಾಗುವುದು" ಅಂದರೆ 500 ಕೋಟಿ ಅನ್ನೋದು ಇಡೀ ಯೋಜನೆಯ ಅಂದಾಜು. ಈ ವರ್ಷಕ್ಕೆ ಇಟ್ಟಿದ್ದು ಎಷ್ಟು ಅಂತ ಭಾಷಣದಲ್ಲಿ ಸಿಗೋದು ಅಪರೂಪ, ಬಜೆಟ್ ಜೊತೆ ಬರೋ ಇಲಾಖಾವಾರು ಅನುದಾನ ಬೇಡಿಕೆಗಳ ಸಂಪುಟ ತೆಗೆದು ನೋಡಬೇಕು.

ಕಣ್ಣ ಮುಂದಿನ ಉದಾಹರಣೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. 2022ರಲ್ಲಿ ಕೇಂದ್ರದ ಉನ್ನತಾಧಿಕಾರ ಸಮಿತಿ ಅದನ್ನು ರಾಷ್ಟ್ರೀಯ ಯೋಜನೆ (ವೆಚ್ಚದ ದೊಡ್ಡ ಪಾಲು ಕೇಂದ್ರ ಹೊರುವಂಥದ್ದು) ಮಾಡಬಹುದು ಅಂತ ಶಿಫಾರಸು ಮಾಡಿತು. ಊರ ತುಂಬ "ರಾಷ್ಟ್ರೀಯ ಯೋಜನೆ" ಅನ್ನೋ ಮಾತು ಓಡಾಡಿತು. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲಿ ಬಂದದ್ದು 5,300 ಕೋಟಿ ರೂ. "ಕೇಂದ್ರ ನೆರವು" ಕೊಡಲಾಗುವುದು ಅನ್ನೋ ಮಾತು. ರಾಷ್ಟ್ರೀಯ ಯೋಜನೆ ಅನ್ನೋ ಪದ ಆ ವಾಕ್ಯದಲ್ಲಿಲ್ಲ, ಯಾವ ವರ್ಷ ಎಷ್ಟು ಅನ್ನೋದೂ ಇಲ್ಲ. ಆಮೇಲೆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ವರ್ಷಗಟ್ಟಲೆ ದೂರಿತು. ಜಗಳದ ಬೀಜ ಆ ವಾಕ್ಯದ ಬಾಲದಲ್ಲೇ ಇತ್ತು. ಮಹದಾಯಿಯಲ್ಲೂ ಹೀಗೇ: 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಕಳಸಾ-ಬಂಡೂರಿ ಡಿಪಿಆರ್ ಒಪ್ಪಿತು. ಆದರೆ ಅರಣ್ಯ, ವನ್ಯಜೀವಿ ಅನುಮತಿಗಳು ಬೇರೆಯೇ ಬಾಗಿಲುಗಳು. ಡಿಪಿಆರ್ ಒಪ್ಪಿಗೆ ಆಯ್ತು ಅಂದ ಮಾತ್ರಕ್ಕೆ ಜೆಸಿಬಿ ಇಳಿಯಲ್ಲ.

---

ಹಳ್ಳದಾಚೆಯವ:

ಓಹ್. ಹಾಗಾದರೆ ಸಮಿತಿ, ಆಯೋಗ ಅಂತಾರಲ್ಲ, ಅದೂ ಇದೇ ಜಾತಿಯಾ? ಇನ್ನು "ಮಾಹಿತಿ ಲಭ್ಯವಿಲ್ಲ" ಅಂದರೆ ನಿಜವಾಗಲೂ ಇಲ್ಲ ಅಂತಲಾ?

---

ಅನುಬಂಧ_ಬಿ ಉತ್ತರ:

ಎರಡನೇದಕ್ಕೆ ಮೊದಲು ಉತ್ತರಿಸ್ತೀನಿ. "ಮಾಹಿತಿ ಇಲ್ಲ" ಅನ್ನೋದು ಮಾಹಿತಿ ಸಂಗ್ರಹಿಸಿಲ್ಲ ಅನ್ನೋದಕ್ಕೂ ಆಗುತ್ತೆ, ಆ ಹೆಸರಲ್ಲಿ ಸಂಗ್ರಹಿಸಿಲ್ಲ ಅನ್ನೋದಕ್ಕೂ ಆಗುತ್ತೆ. 2020ರ ಸೆಪ್ಟೆಂಬರ್ 14ರಂದು ಲಾಕ್‌ಡೌನ್‌ನಲ್ಲಿ ಸತ್ತ ವಲಸೆ ಕಾರ್ಮಿಕರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಕೇಂದ್ರ ಕಾರ್ಮಿಕ ಸಚಿವಾಲಯ ಅಂಥ ದತ್ತಾಂಶ ಇಟ್ಟಿಲ್ಲ ಅಂತ ಬರೆಯಿತು. ಪರಿಹಾರದ ಪ್ರಶ್ನೆಗೆ? ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಪ್ರಶ್ನೆ ಉದ್ಭವಿಸುವುದಿಲ್ಲ. ಕಡತಪ್ರಿಯ ಹೇಳಿದ ಸರಪಳಿ ಇದೇ. ಲೆಕ್ಕ ಇಡದಿದ್ದರೆ ಹೊಣೆಯೂ ಹುಟ್ಟಲ್ಲ.

ಇನ್ನೂ ನಯವಾದದ್ದು 2021ರ ಜುಲೈ 20ರ ರಾಜ್ಯಸಭೆಯ ಉತ್ತರ. ಆಮ್ಲಜನಕದ ಕೊರತೆಯಿಂದ ಆದ ಸಾವುಗಳನ್ನು ರಾಜ್ಯಗಳು "ನಿರ್ದಿಷ್ಟವಾಗಿ" ವರದಿ ಮಾಡಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಅದೇ ವರ್ಷ ಮೇ 2-3ರ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತದ್ದು ಕರ್ನಾಟಕದವರಿಗೆ ಯಾರೂ ನೆನಪಿಸಬೇಕಿಲ್ಲ. ಹಾಗಾದರೆ ಉತ್ತರ ಸುಳ್ಳಾ? ಅಕ್ಷರಶಃ ಸುಳ್ಳು ಅನ್ನೋಕಾಗಲ್ಲ, ಕುತಂತ್ರ ಇರೋದೇ ಅಲ್ಲಿ. ಸಾವಿನ ಕಾರಣದ ಕಾಲಮ್ಮಿನಲ್ಲಿ ಬರೆಯೋದು ಕಾಯಿಲೆಯ ಹೆಸರನ್ನು, ಸಿಲಿಂಡರ್ ಖಾಲಿಯಾಗಿತ್ತು ಅಂತ ಬರೆಯೋ ರೂಢಿ ಇಲ್ಲ. "ನಿರ್ದಿಷ್ಟವಾಗಿ", "ಅಧಿಕೃತವಾಗಿ", "ಲಿಖಿತವಾಗಿ", "ಈ ಸಂಬಂಧ ಯಾವುದೇ ದೂರು" – ಈ ನಾಲ್ಕು ಕಂಡಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಆ ಪದ ತೆಗೆದು ವಾಕ್ಯ ಓದಿ. ಆಗಲೂ ಅದು ನಿಜವಾಗಿ ಉಳಿಯುತ್ತಾ?

ಆಯೋಗದ ವಿಷಯ. "ನ್ಯಾಯಾಂಗ ತನಿಖೆ" ಅಂತ ಟಿವಿಯವರು ಹೇಳೋದು ಬಹುತೇಕ ನಿವೃತ್ತ ನ್ಯಾಯಮೂರ್ತಿಯ ವಿಚಾರಣಾ ಆಯೋಗವನ್ನು, 1952ರ ಕಾಯ್ದೆಯಡಿ ನೇಮಕ ಆಗುವಂಥದ್ದು. ಅದು ಕೋರ್ಟ್ ಅಲ್ಲ. ಶಿಕ್ಷೆ ಕೊಡಲ್ಲ, ಶಿಫಾರಸು ಸರ್ಕಾರವನ್ನು ಕಟ್ಟಿಹಾಕಲ್ಲ. ವರದಿ ಕೊಟ್ಟ 6 ತಿಂಗಳೊಳಗೆ ಕ್ರಮ ಕೈಗೊಂಡ ವಿವರದ ಜೊತೆ ಸದನದಲ್ಲಿ ಮಂಡಿಸಬೇಕು ಅಂತ ಕಾಯ್ದೆಯ 3(4)ನೇ ಉಪಕಲಂ ಹೇಳುತ್ತೆ. ಈ 6 ತಿಂಗಳು ನೆನಪಿಟ್ಟು ಕೇಳೋರು ಕಡಿಮೆ.

ವರದಿ ವಿಷಯದಲ್ಲಿ ಕ್ರಿಯಾಪದ ಬೇರೆ ಬೇರೆ: ಸ್ವೀಕರಿಸಿದ್ದೇವೆ, ಮಂಡಿಸಿದ್ದೇವೆ, ಅಂಗೀಕರಿಸಿದ್ದೇವೆ, ಜಾರಿ ಮಾಡಿದ್ದೇವೆ. ಹಿಂದುಳಿದ ವರ್ಗಗಳ ಆಯೋಗದ ಜಾತಿ ಸಮೀಕ್ಷೆ ನೋಡಿ. ಮನೆ ಮನೆ ಸಮೀಕ್ಷೆ 2015ರಲ್ಲಿ. ಮುಖ್ಯಮಂತ್ರಿ ವರದಿ "ಸ್ವೀಕರಿಸಿದ್ದು" 2024ರ ಫೆಬ್ರವರಿ 29ರಂದು. ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಹೊಸ ಸಮೀಕ್ಷೆಯ ತೀರ್ಮಾನ. ಸ್ವೀಕರಿಸೋದು ಅಂದ್ರೆ ಲಕೋಟೆ ಕೈಗೆ ತಗೊಳ್ಳೋದು, ಅಷ್ಟೇ. ಫೋಟೊ ಮಾತ್ರ ನಾಲ್ಕಕ್ಕೂ ಒಂದೇ ಥರ ಬರುತ್ತೆ.

---

ಬೆಂಚ್_ಕೊನೇದು ಉತ್ತರ:

ವಿಷಯಾಂತರಕ್ಕೆ ಕ್ಷಮಿಸಿ, ಇದನ್ನೂ ಪಟ್ಟಿಗೆ ಸೇರಿಸಿ. "ನಾನು ಆಕಾಂಕ್ಷಿ ಅಲ್ಲ, ಪಕ್ಷ ಯಾವ ಜವಾಬ್ದಾರಿ ಕೊಟ್ಟರೂ ನಿಭಾಯಿಸುತ್ತೇನೆ": ಮೊದಲರ್ಧ ಹೈಕಮಾಂಡಿಗೆ, ಎರಡನೇ ಅರ್ಧ ಬೆಂಬಲಿಗರಿಗೆ. "ಭಿನ್ನಾಭಿಪ್ರಾಯ ಇಲ್ಲ, ಅಭಿಪ್ರಾಯ ಭೇದ ಇರಬಹುದು": ಎರಡೂ ಒಂದೇ ಸ್ವಾಮಿ, ನಿಘಂಟು ನೋಡಿ. "ಹೇಳಿಕೆ ತಿರುಚಲಾಗಿದೆ" ಅಂದವರು ಮೂಲ ಹೇಳಿಕೆ ಏನಿತ್ತು ಅಂತ ಮತ್ತೊಮ್ಮೆ ಹೇಳ್ತಾರಾ ಅಂತ ಕಾಯ್ತಾ ಇರಿ.

---

ಕಡತಪ್ರಿಯ:

ಮೇಲೆ ಬರೆದದ್ದಕ್ಕೆ ಒಂದು ತಿದ್ದುಪಡಿ. "ಪರಿಶೀಲಿಸಲಾಗುವುದು" ಪೂರ್ತಿ ಗಾಳಿಮಾತು ಅನ್ನೋ ಭಾವನೆ ಬಂದಿದ್ದರೆ ತಪ್ಪು ನನ್ನದು. ಸಂಸತ್ತಿನಲ್ಲಿ ಸರ್ಕಾರದ ಭರವಸೆ ಅಂತ ಲೆಕ್ಕಕ್ಕೆ ತಗೊಳ್ಳೋ ಮಾತುಗಳ ಪಟ್ಟಿಯೇ ಇದೆ. "ವಿಷಯ ಪರಿಶೀಲನೆಯಲ್ಲಿದೆ", "ನೋಡುತ್ತೇನೆ" ಅನ್ನೋ ಅರ್ಥದ ಮಾತುಗಳೂ ಅದರಲ್ಲಿವೆ. ಲೋಕಸಭೆಯಲ್ಲಿ ಭರವಸೆ ಈಡೇರಿಸೋಕೆ 3 ತಿಂಗಳ ಗಡುವು. ನಮ್ಮ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರದ ಪ್ರತಿ ಇಟ್ಟು ಶಾಸಕರ ಮೂಲಕ ಸಮಿತಿಗೆ ಪತ್ರ ಕೊಡಿಸಿ.

---

ಲೆಕ್ಕಶೀರ್ಷಿಕೆ:

ಅದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯೂ ಹೋಗಲಿ. ಮೊದಲು ರಸ್ತೆ ಯಾರದ್ದು ಅಂತ ಗೊತ್ತು ಮಾಡಿಕೊಳ್ಳಿ. ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ಮುಖ್ಯರಸ್ತೆ ಆದರೆ ಲೋಕೋಪಯೋಗಿ ಇಲಾಖೆ, ಗ್ರಾಮೀಣ ರಸ್ತೆ ಆದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ತಪ್ಪು ಕಚೇರಿಗೆ ಕೊಟ್ಟರೂ 5 ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು, ಕಲಂ 6(3). ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂ., ಗಡುವು 30 ದಿನ.

"ಸೇತುವೆ ಯಾಕೆ ಆಗಿಲ್ಲ?" ಅಂತ ಬರೀಬೇಡಿ. "ಯಾಕೆ" ಅನ್ನೋದು ಮಾಹಿತಿಯ ವ್ಯಾಖ್ಯೆಗೆ ಬರಲ್ಲ ಅಂತ ತಳ್ಳಿಹಾಕ್ತಾರೆ. ಕಾಗದ ಕೇಳಿ:

"ಸದರಿ ಸೇತುವೆ ಕಾಮಗಾರಿಗೆ ಸಂಬಂಧಿಸಿ: 1. ಅಂದಾಜು ಪಟ್ಟಿ ತಯಾರಿಸಲು ಸೂಚಿಸಿದ ಪತ್ರದ ಪ್ರತಿ. 2. ಸಲ್ಲಿಸಿದ ಅಂದಾಜು ಪಟ್ಟಿಯ ಪ್ರತಿ. 3. ಆಡಳಿತಾತ್ಮಕ ಅನುಮೋದನೆ ಆದೇಶದ ಪ್ರತಿ. 4. ಕಡತದ ಟಿಪ್ಪಣಿ ಹಾಳೆಗಳ ಪ್ರತಿ."

ನಾಲ್ಕನೆಯದನ್ನು ಬಿಡಲೇಬೇಡಿ, ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅಂತ ಗೊತ್ತಾಗೋದು ಅಲ್ಲೇ. ಒಂದನೆಯದಕ್ಕೆ "ಲಭ್ಯವಿಲ್ಲ" ಅಂತ ಹಿಂಬರಹ ಬಂದರೆ ಸದನದಲ್ಲಿ "ಸೂಚಿಸಲಾಗಿದೆ" ಅಂದದ್ದು ಯಾವ ಪತ್ರದಲ್ಲಿ ಅನ್ನೋ ಪ್ರಶ್ನೆ ಮುಂದಿನ ಅಧಿವೇಶನಕ್ಕೆ ಸಿದ್ಧ. 30 ದಿನದಲ್ಲಿ ಉತ್ತರ ಬರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ, ಕಲಂ 19(1).

---

ಹಳ್ಳದಾಚೆಯವ:

ರಸ್ತೆ ಜಿಲ್ಲಾ ಮುಖ್ಯರಸ್ತೆ ಪಟ್ಟಿಯಲ್ಲಿದೆ, ಹಾಗಾಗಿ ಅರ್ಜಿ ಲೋಕೋಪಯೋಗಿಗೆ. 150 ಪದದೊಳಗೆ ಇಳಿಸಿ ಇಲ್ಲೇ ಹಾಕ್ತೀನಿ, ಕೊಡೋ ಮುಂಚೆ ಒಂದು ಸಲ ಕಣ್ಣಾಡಿಸಿ.