ಸಿಟ್ಟು, ಚಿಂತೆ, ಸ್ವಭಾವ: ಹೃದಯಾಘಾತದಲ್ಲಿ ಇವುಗಳ ಪಾಲೆಷ್ಟು?

ಹೇಮಾವತಿ ದಂಡೆ
2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಸುದ್ದಿಯಾದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಕಿಕ್ಕಿರಿದಿದ್ದರು. ಎಲ್ಲರಿಗೂ ಬೇಕಾಗಿದ್ದು ಇಸಿಜಿ, ಎಕೋ, ಕೊಲೆಸ್ಟ್ರಾಲ್. ಸಿಟ್ಟು, ದುಃಖ, ಸ್ವಭಾವದ ಮಾತು ನಮ್ಮ ತಪಾಸಣೆಗಳಲ್ಲಿ ಬರುವುದೇ ಅಪರೂಪ. ಇದು ದೊಡ್ಡ ಲೋಪ ಅನ್ನುವುದು ನನ್ನ ವಾದ. ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್, ರೇ ರೋಸನ್‌ಮನ್ 1959ರಲ್ಲೇ 'ಟೈಪ್ ಎ' ಸ್ವಭಾವವನ್ನು ವಿವರಿಸಿದ್ದರು: ಸದಾ ಅವಸರ, ಪೈಪೋಟಿ, ಬೇಗ ಸಿಡಿಯುವ ಸಿಟ್ಟು. ಆಮೇಲೆ 39ರಿಂದ 59 ವಯಸ್ಸಿನ 3,154 ಗಂಡಸರನ್ನು ಎಂಟೂವರೆ ವರ್ಷ ಹಿಂಬಾಲಿಸಿ 1975ರಲ್ಲಿ ಫಲಿತಾಂಶ ಕೊಟ್ಟರು. ಟೈಪ್ ಎ ಗುಂಪಿನಲ್ಲಿ ಹೃದ್ರೋಗ ಸುಮಾರು ಎರಡು ಪಟ್ಟು. ಇಷ್ಟಿದ್ದರೂ ಬಿಪಿ, ಶುಗರ್ ಜೊತೆಗೆ ಸ್ವಭಾವವನ್ನೂ ಯಾಕೆ ಅಳೆಯುವುದಿಲ್ಲ?

ಲೆಕ್ಕದ ಮೇಷ್ಟ್ರು
ಆ ಕಥೆ 1975ಕ್ಕೆ ನಿಲ್ಲುವುದಿಲ್ಲ. ಅದೇ ಗುಂಪನ್ನು 22 ವರ್ಷದವರೆಗೆ ನೋಡಿದಾಗ ಟೈಪ್ ಎ ಆಗಿರುವುದಕ್ಕೂ ಹೃದ್ರೋಗದಿಂದ ಸಾಯುವುದಕ್ಕೂ ಸಂಬಂಧ ಕಾಣಲಿಲ್ಲ. 1988ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯಲ್ಲಂತೂ, ಒಮ್ಮೆ ಹೃದಯಾಘಾತವಾಗಿ ಬದುಕಿದವರಲ್ಲಿ ಟೈಪ್ ಎ ಜನರೇ ಕಡಿಮೆ ಸತ್ತಿದ್ದರು. ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನ ಎಮ್‌ಆರ್‌ಫಿಟ್ ಕೂಡ 1985ರಲ್ಲಿ ಸಂಬಂಧವಿಲ್ಲ ಎಂದಿತು. ಟೈಪ್ ಎ ಸಂಶೋಧನೆಗೆ ತಂಬಾಕು ಕಂಪನಿಗಳು ದಶಕಗಳ ಕಾಲ ಹಣ ಸುರಿದದ್ದು ಅವುಗಳ ದಾಖಲೆಗಳಿಂದಲೇ ಹೊರಬಂದಿದೆ. ಅವರಿಗೇನು ಲಾಭ ಅಂದರೆ, ಸಿಗರೇಟು ಸೇದುವ ಮನುಷ್ಯ ಸತ್ತರೆ ತಪ್ಪು ಸಿಗರೇಟಿನದ್ದಲ್ಲ, ಅವನ ಸ್ವಭಾವದ್ದು ಅನ್ನಬಹುದು. ಇವತ್ತು ಯಾರಾದರೂ 'ಸ್ಟ್ರೆಸ್‌ನಿಂದ ಹೋದರು' ಅಂದ ತಕ್ಷಣ ನನ್ನ ಮೊದಲ ಪ್ರಶ್ನೆ: ಬೀಡಿ-ಸಿಗರೇಟು ಇತ್ತೇ? ಬಿಪಿ ಎಷ್ಟಿತ್ತು? ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಷ್ಟಿತ್ತು?

ಕೆಲಗೇರಿ (ಮನೋವೈದ್ಯೆ, ಧಾರವಾಡ)
ಮೇಷ್ಟ್ರ, ನೀವು ಹೇಳಿದ್ದು ಅರ್ಧ ಖರೆ. ಟೈಪ್ ಎ ಅನ್ನೋ ಗಂಟಿನೊಳಗ ಅವಸರ, ಪೈಪೋಟಿ, ಹಗೆತನ ಮೂರೂ ಕೂಡೇ ಇದ್ವು. ಬಿಚ್ಚಿ ನೋಡಿದಾಗ ಅವಸರ, ಪೈಪೋಟಿ ಹೃದಯಕ್ಕ ಅಂಥಾ ಕೇಡು ಮಾಡೋದು ಕಾಣಲಿಲ್ಲ. ಉಳಿದದ್ದು ಹಗೆತನ, ಅಂದ್ರ ಎದುರಿನವರೆಲ್ಲಾ ನನಗ ಮೋಸ ಮಾಡಾವ್ರೇ ಅಂತ ಒಳಗೊಳಗೇ ಕುದಿಯೋದು. 2009ರಾಗ ಚಿಡಾ ಮತ್ತು ಸ್ಟೆಪ್ಟೋ ಹಲವು ಅಧ್ಯಯನ ಕೂಡಿಸಿ ನೋಡಿದ್ರು. ಸಿಟ್ಟು-ಹಗೆತನ ಹೆಚ್ಚಿದ್ದವರಿಗೆ, ಮೊದಲು ಆರೋಗ್ಯ ಇದ್ದವರಾದ್ರ ಶೇ. 19, ಮೊದಲೇ ಹೃದ್ರೋಗ ಇದ್ದವರಾದ್ರ ಶೇ. 24ರಷ್ಟು ಅಪಾಯ ಹೆಚ್ಚು ಬಂತು.

ಲೆಕ್ಕದ ಮೇಷ್ಟ್ರು
ಅದೇ ವಿಶ್ಲೇಷಣೆಯಲ್ಲಿ ಧೂಮಪಾನ, ವ್ಯಾಯಾಮ, ತೂಕ ಇವನ್ನು ಲೆಕ್ಕಕ್ಕೆ ಹಿಡಿದ ಅಧ್ಯಯನಗಳಷ್ಟನ್ನೇ ನೋಡಿದರೆ ಆ ಸಂಬಂಧ ಕರಗಿಹೋಗುತ್ತದೆ. ಅದನ್ನೂ ಹೇಳಬೇಕು.

ಕೆಲಗೇರಿ
ಹೇಳೋಣ. ಆದ್ರ ಅದರ ಅರ್ಥ ಹಗೆತನಕ್ಕ ಪಾಲೇ ಇಲ್ಲ ಅಂತಲ್ಲರಿ. ಸಿಟ್ಟಿನ ಮನುಷ್ಯ ಹೆಚ್ಚು ಸೇದ್ತಾನ, ಕುಡಿತಾನ, ಡಾಕ್ಟರ್ ಮಾತು ಕೇಳೂದಿಲ್ಲ, ಗುಳಗಿ ಬಿಡ್ತಾನ. ಸ್ವಭಾವ ಹೃದಯಕ್ಕ ಮುಟ್ಟೋ ದಾರಿನೇ ಅದು. ದಾರಿ ಗೊತ್ತಾದ್ರ ಎಲ್ಲಿ ತಡೀಬೇಕು ಅನ್ನೋದೂ ಗೊತ್ತಾಗ್ತದ. 'ಟೈಪ್ ಡಿ' ಬಗ್ಗೆ ಮಾತ್ರ ನಾನೂ ನಿಮ್ಮ ಕಡೆ. ನೆದರ್ಲೆಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಯೋಹಾನ್ ಡೆನೊಲೆಟ್ 14 ಪ್ರಶ್ನೆಯ ಅಳತೆಗೋಲು ಮಾಡಿದ್ರು: ಸದಾ ಚಿಂತೆ, ಅದನ್ನ ಯಾರ ಮುಂದೂ ಹೇಳದ ಸಂಕೋಚ. ಅದಕ್ಕೂ ಮುಂಚಿನ, 1996ರ ಹೃದ್ರೋಗಿಗಳ ಸಣ್ಣ ಅಧ್ಯಯನದಾಗ ಅಂಥವರ ಸಾವು ಶೇ. 27, ಉಳಿದವರದು ಶೇ. 7. ಆಮ್ಯಾಲೆ ದೊಡ್ಡ ಅಧ್ಯಯನ ಬಂದಂಗೆಲ್ಲಾ ಆ ಅಂತರ ಸಣ್ಣದಾಗ್ತಾ ಹೋತು.

ಹೇಮಾವತಿ ದಂಡೆ
ಸ್ವಭಾವ ಬಿಡೋಣ, ಒತ್ತಡಕ್ಕೆ ಬರೋಣ. 2004ರ ಇಂಟರ್‌ಹಾರ್ಟ್ ಅಧ್ಯಯನ ನಮ್ಮವರಿಗೆ ಹತ್ತಿರದ್ದು. ಅದರ ಮುಂದಾಳು ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. 52 ದೇಶಗಳಲ್ಲಿ ಮೊದಲ ಸಲ ಹೃದಯಾಘಾತವಾದ ಸುಮಾರು 15,000 ಜನರನ್ನು ಅಷ್ಟೇ ಸಂಖ್ಯೆಯ ಇತರರ ಜೊತೆ ಹೋಲಿಸಿದರು. ಒಂಬತ್ತು ಕಾರಣಗಳು ಸೇರಿ ಶೇ. 90ರಷ್ಟು ಹೊಣೆ ಹೊರುತ್ತವೆ, ಮನಸ್ಸಿಗೆ ಸಂಬಂಧಿಸಿದವುಗಳ ಪಾಲು ಶೇ. 32.5 ಅಂತ ಬಂತು. ಇದು ಸಣ್ಣದೇ?

ಲೆಕ್ಕದ ಮೇಷ್ಟ್ರು
ಶೇ. 32.5ನ್ನು ಓದುವ ಕ್ರಮವೊಂದಿದೆ. ಈ ಪಾಲುಗಳು ಒಂದರ ಮೇಲೊಂದು ಬೀಳುತ್ತವೆ, ಎಲ್ಲ ಕೂಡಿಸಿದರೆ ನೂರು ದಾಟುತ್ತವೆ. ಎರಡನೆಯದಾಗಿ, ಒತ್ತಡದ ಬಗ್ಗೆ ಕೇಳಿದ್ದು ಹೃದಯಾಘಾತ ಆದ ಮೇಲೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವರು ಕಾರಣ ಹುಡುಕುತ್ತಾ ಹಿಂದಿನ ವರ್ಷವನ್ನು ನೆನೆದಾಗ ಒತ್ತಡವೇ ದೊಡ್ಡದಾಗಿ ಕಾಣುವುದು ಸಹಜ. ಮೊದಲೇ ಕೇಳಿಟ್ಟುಕೊಂಡು ಆಮೇಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಪಾಲು ಇಳಿಯುತ್ತದೆ. ಯುರೋಪಿನ ಸುಮಾರು 1,97,000 ಕೆಲಸಗಾರರ 2012ರ ವಿಶ್ಲೇಷಣೆಯಲ್ಲಿ, ಕೆಲಸದ ಹೊರೆ ಹೆಚ್ಚು, ಅದರ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಅಪಾಯ 1.23 ಪಟ್ಟು. ಒಟ್ಟು ಪಾಲು ಶೇ. 3.4. ಒತ್ತಡಕ್ಕೆ ಪಾತ್ರವಿಲ್ಲ ಅನ್ನುತ್ತಿಲ್ಲ, ಅದು ತಂಬಾಕಿನ ಸಾಲಿನದ್ದಲ್ಲ ಅನ್ನುತ್ತಿದ್ದೇನೆ.

ಎಡಹೃತ್ಕುಕ್ಷಿ (ಹೃದ್ರೋಗ ವಿಭಾಗ)
ಇಬ್ಬರೂ ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತಿದ್ದೀರಿ. ವರ್ಷಗಟ್ಟಲೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದು ಒಂದು. ಅದು ಯಾವ ಗಳಿಗೆಯಲ್ಲಿ ಒಡೆಯುತ್ತದೆ ಅನ್ನುವುದು ಇನ್ನೊಂದು. ಭಾವೋದ್ರೇಕದ ನೇರ ಹೊಡೆತ ಕಾಣುವುದು ಈ ಎರಡನೆಯದರಲ್ಲಿ.

ಸಿಟ್ಟು ನೆತ್ತಿಗೇರಿದಾಗ ಅಡ್ರಿನಲಿನ್ ಹರಿಯುತ್ತದೆ. ನಾಡಿ, ಬಿಪಿ ಏರಿ ಹೃದಯದ ಸ್ನಾಯು ಹೆಚ್ಚು ಆಮ್ಲಜನಕ ಕೇಳುತ್ತದೆ. ಆರೋಗ್ಯವಂತ ರಕ್ತನಾಳ ಆಗ ಹಿಗ್ಗಬೇಕು, ಕೊಬ್ಬು ಕಟ್ಟಿದ್ದು ಹಿಗ್ಗುವ ಬದಲು ಕುಗ್ಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದು ಹೆಚ್ಚುತ್ತದೆ. ತೆಳು ಪೊರೆಯ ಕೊಬ್ಬಿನ ಗಂಟು ಈ ಒತ್ತಡಕ್ಕೆ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಮೊದಲೇ ಗಾಯದ ಕಲೆ ಇರುವ ಹೃದಯವಾದರೆ ಬಡಿತದ ಲಯವೇ ಕೆಟ್ಟು ಸಾವು ಬರಬಹುದು.

ಲಾಸ್ ಏಂಜಲೀಸ್‌ನಲ್ಲಿ 1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪದ ದಿನ ಹೃದ್ರೋಗದ ಹಠಾತ್ ಸಾವು 24. ಹಿಂದಿನ ವಾರದ ಸರಾಸರಿ ದಿನಕ್ಕೆ 4.6. ನಂತರದ ಆರು ದಿನ ದಿನಕ್ಕೆ 2.7ಕ್ಕೆ ಇಳಿಯಿತು. ಆ ಇಳಿಕೆಯೇ ಮುಖ್ಯ: ಭಯ ಕೊಂಡೊಯ್ದದ್ದು ಬಹುಪಾಲು ಅಂಚಿನಲ್ಲಿದ್ದವರನ್ನು. 2006ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಜರ್ಮನಿ ಆಡಿದ ದಿನ ಮ್ಯೂನಿಕ್ ಪ್ರದೇಶದಲ್ಲಿ ಹೃದಯದ ತುರ್ತು ಪ್ರಕರಣ 2.66 ಪಟ್ಟು, ಗಂಡಸರಲ್ಲಿ 3.26 ಪಟ್ಟು.

ಹೇಮಾವತಿ ದಂಡೆ
ಹಾಗಾದರೆ ಸಿಟ್ಟು ಕಟ್ಟಿಹಾಕಿದರೆ ಜೀವ ಉಳಿಯುತ್ತದೆ ಅಂತಾಯಿತಲ್ಲ?

ಎಡಹೃತ್ಕುಕ್ಷಿ
ಯಾರ ಜೀವ ಅನ್ನುವುದನ್ನು ನೋಡಬೇಕು. 2014ರ ವಿಶ್ಲೇಷಣೆಯಲ್ಲಿ ಸಿಟ್ಟು ಸಿಡಿದ ನಂತರದ ಎರಡು ಗಂಟೆ ಹೃದಯಾಘಾತದ ಸಾಧ್ಯತೆ 4.74 ಪಟ್ಟು. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ತಿಂಗಳಿಗೊಮ್ಮೆ ಸಿಡಿಯುವ, ಬೇರೆ ಅಪಾಯ ಕಡಿಮೆ ಇರುವ 10,000 ಜನರಲ್ಲಿ ವರ್ಷಕ್ಕೆ ಹೆಚ್ಚಾಗುವುದು ಒಂದು ಹೃದಯಾಘಾತ, ಅಪಾಯ ಹೆಚ್ಚಿರುವವರಲ್ಲಿ ನಾಲ್ಕು. ದಿನಕ್ಕೆ ಐದು ಸಲ ಸಿಡಿಯುವವರಾದರೆ ಅದು ಸುಮಾರು 158 ಮತ್ತು 657ಕ್ಕೆ ಹೋಗುತ್ತದೆ. ಅಂದರೆ ಅಪರೂಪಕ್ಕೊಮ್ಮೆ ರೇಗುವ ಆರೋಗ್ಯವಂತರು ಹೆದರಬೇಕಿಲ್ಲ. ಬಿಪಿ, ಶುಗರ್, ಸಿಗರೇಟು ಮೂರೂ ಇದ್ದು ದಿನವಿಡೀ ರೇಗುವವರು ಹೆದರಬೇಕು. ಅವರಿಗೂ ಮೊದಲು ಬೇಕಾದದ್ದು ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ಸಿಗರೇಟಿಗೆ ವಿದಾಯ. ಇವುಗಳಿಂದ ಕೊಬ್ಬಿನ ಗಂಟಿನ ಪೊರೆ ಗಟ್ಟಿಯಾದರೆ ಸಿಟ್ಟು ಬಂದಾಗಲೂ ಒಡೆಯುವ ಸಂಭವ ತಗ್ಗುತ್ತದೆ.

ರಕ್ತನಾಳ ಮುಚ್ಚದೆಯೂ ಹೃದಯ ಕುಸಿಯುವ ಒಂದು ಸ್ಥಿತಿ ಇದೆ, ಟಾಕೋಟ್ಸುಬೊ. ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದ್ದು. ಆಘಾತದ ಸುದ್ದಿ ಕೇಳಿದ ಮೇಲೆ ಎದೆನೋವು, ಇಸಿಜಿ ಬದಲಾವಣೆ, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಪ್ರೋಟೀನ್) ಏರಿಕೆ ಎಲ್ಲವೂ ಹೃದಯಾಘಾತದಂತೆಯೇ. ಆಂಜಿಯೋಗ್ರಾಂನಲ್ಲಿ ಮಾತ್ರ ಇದಕ್ಕೆ ಕಾರಣವಾಗುವಂಥ ಅಡ್ಡಿ ಸಿಗುವುದಿಲ್ಲ, ಎಡ ಹೃತ್ಕುಕ್ಷಿಯ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ) ತುದಿ ಉಬ್ಬಿ ನಿಂತಿರುತ್ತದೆ. ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ಸಾಮಾನ್ಯವಾಗಿ ವಾರಗಳಲ್ಲಿ ಹೃದಯ ಚೇತರಿಸುತ್ತದೆ, ಆದರೆ ಮೊದಲ ದಿನಗಳು ನಿಜಕ್ಕೂ ಅಪಾಯದವು. ಆಂಜಿಯೋಗ್ರಾಂ ಮಾಡದೆ 'ದುಃಖಕ್ಕೆ ಹೀಗಾಗಿದೆ' ಎಂದು ಮನೆಗೆ ಕಳಿಸಬಾರದು.

ಹೇಮಾವತಿ ದಂಡೆ
ಮನಸ್ಸಿಗೆ ಚಿಕಿತ್ಸೆ ಕೊಟ್ಟರೆ ಹೃದಯಾಘಾತ ಕಡಿಮೆಯಾದ ಪುರಾವೆ ಇದೆಯೇ?

ಕೆಲಗೇರಿ
ಜಗಳ ಇರೋದೇ ಇಲ್ಲಿ. 2003ರ ಎನ್‌ರಿಚ್ಡ್ ಪ್ರಯೋಗದಾಗ ಹೃದಯಾಘಾತ ಆಗಿ ಖಿನ್ನತೆ ಅಥವಾ ಒಂಟಿತನ ಇದ್ದ 2,481 ಜನ ಇದ್ರು. ಮಾತಿನ ಚಿಕಿತ್ಸೆಯಿಂದ ಮನಸ್ಸು ಸುಧಾರಿಸ್ತು, ಸಾವು ಮತ್ತು ಮರು ಹೃದಯಾಘಾತ ಮಾತ್ರ ಎರಡೂ ಗುಂಪಿನಾಗ ಒಂದೇ. ಆದ್ರ ಸ್ವೀಡನ್ನಿನ ಸುಪ್ರಿಮ್ ಪ್ರಯೋಗ ನೋಡ್ರಿ. 362 ರೋಗಿಗಳು, ಸಣ್ಣ ಗುಂಪು ಮಾಡಿ ಒಂದು ವರ್ಷದಾಗ ಎರಡೆರಡು ತಾಸಿನ 20 ಬೈಠಕ್. ಕಲಿಸಿದ್ದು ಅವಸರ, ಸಿಟ್ಟು ಹಿಡಿತಕ್ಕ ತರೋದು. ಸುಮಾರು ಎಂಟು ವರ್ಷದ ಹೊತ್ತಿಗೆ ಮರುಕಳಿಸೋ ಹೃದಯ-ರಕ್ತನಾಳದ ತೊಂದರೆ ಶೇ. 41 ಕಡಿಮೆ. ಫ್ರೀಡ್‌ಮನ್ ಅವರೇ 1986ರಾಗ ತೋರಿಸಿದ್ದೂ ಇದೇ ದಿಕ್ಕಿನದು: ಸ್ವಭಾವ ತಿದ್ದೋ ತರಬೇತಿ ಪಡೆದವರಿಗೆ ಮರು ಹೃದಯಾಘಾತ ಶೇ. 12.9, ಬರೇ ಹೃದಯದ ಸಲಹೆ ಪಡೆದವರಿಗೆ ಶೇ. 21.2. ಕೆಲವೇ ತಿಂಗಳ ಚಿಕಿತ್ಸೆ ಸಾಲೂದಿಲ್ಲ, ವರ್ಷಗಟ್ಟಲೆ ಗುಂಪಿನಾಗ ಅಭ್ಯಾಸ ಬೇಕು ಅನ್ನೋದು ನನ್ನ ತಿಳಿವಳಿಕೆ.

ಲೆಕ್ಕದ ಮೇಷ್ಟ್ರು
362 ಜನರ ಪ್ರಯೋಗವನ್ನು 2,481 ಜನರದ್ದರ ಎದುರು ಇಟ್ಟು ಗೆದ್ದಿತು ಅನ್ನಲಾಗದು. ನಮ್ಮ ದೇಶದ್ದೇ ಯೋಗ-ಕೇರ್ ಪ್ರಯೋಗ ನೋಡಿ. 24 ಆಸ್ಪತ್ರೆ, 3,959 ಹೃದಯಾಘಾತದ ರೋಗಿಗಳು, 12 ವಾರದಲ್ಲಿ 13 ತರಗತಿ. ತೊಂದರೆಗಳ ಪ್ರಮಾಣ ಯೋಗ ಗುಂಪಿನಲ್ಲಿ ಶೇ. 6.7, ಇತರರಲ್ಲಿ ಶೇ. 7.4, ಖಚಿತವಾಗಿ ಹೇಳುವಷ್ಟು ಅಂತರವಲ್ಲ. ಆರೋಗ್ಯ ಚೆನ್ನಾಗಿದೆ ಎಂದು ರೋಗಿಗಳಿಗೇ ಅನ್ನಿಸುವುದು ಹೆಚ್ಚಿತು. ಅದು ಬೆಲೆಯುಳ್ಳದ್ದೇ. ಅದನ್ನೇ ಹೇಳಿ ಯೋಗ ಕಲಿಸಿ, ಆದರೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟು ಪ್ರಾಣಾಯಾಮಕ್ಕೆ ಕೂರುವಂತೆ ಮಾತಾಡಬೇಡಿ.

ಕೆಲಗೇರಿ
ಇದಕ್ಕ ನನ್ನ ಪೂರಾ ಒಪ್ಪಿಗೆ. ಆದ್ರ ಆಯುಷ್ಯ ಹೆಚ್ಚಾಗ್ಲಿ ಬಿಡ್ಲಿ, ಖಿನ್ನತೆಗೆ ಚಿಕಿತ್ಸೆ ಕೊಡಲೇಬೇಕು. ಹೃದಯಾಘಾತ ಆದ ಐವರೊಳಗ ಸುಮಾರು ಒಬ್ಬರಿಗೆ ಅದು ಬರ್ತದ, ಮತ್ತ ಅವರೇ ಗುಳಗಿ ತಪ್ಪಿಸೋದು, ನಡಿಗಿ ಬಿಡೋದು. ಹೇಮಾವತಿಯವರು ಕೇಳಿದಂಗ ತಪಾಸಣೆಯಾಗ ಮನಸ್ಸನ್ನೂ ನೋಡೋದಾದ್ರ ಎರಡೇ ಪ್ರಶ್ನೆ ಸಾಕು. ಕಳೆದ ಎರಡು ವಾರದಾಗ, ಒಂದು, ಯಾವುದರಾಗೂ ಆಸಕ್ತಿ ಇಲ್ಲ ಅನ್ನಿಸೇದೇನು? ಎರಡು, ಮನಸ್ಸು ಕುಗ್ಗೇದೇನು? ಇಲ್ಲ ಅಂದ್ರ 0, ದಿನಾಲೂ ಅಂದ್ರ 3. ಎರಡೂ ಕೂಡಿ 3 ಅಥವಾ ಮ್ಯಾಲಾದ್ರ ಖಿನ್ನತೆ ಅಳೆಯೋ ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9 ಕೇಳ್ರಿ, 27ಕ್ಕ 10 ಅಥವಾ ಮ್ಯಾಲಾದ್ರ ವೈದ್ಯರಿಗೆ ತೋರಸ್ರಿ. ಸಾಯೋ ವಿಚಾರದ ಒಂಬತ್ತನೇ ಪ್ರಶ್ನೆಗೆ 'ಹೌದು' ಬಂದ್ರ ಒಟ್ಟು ಎಷ್ಟೇ ಇರಲಿ, ಅವತ್ತೇ ನೋಡಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಾಗ ಕನ್ನಡದಾಗೇ ಮಾತಾಡ್ತಾರ.

ಖಿನ್ನತೆಗೆ ಔಷಧ ಬೇಕಾದ್ರ ಸೆರ್ಟ್ರಲಿನ್ ಹೃದ್ರೋಗಿಗಳೊಳಗ ಪರೀಕ್ಷೆ ಆದದ್ದು. ಅಮಿಟ್ರಿಪ್ಟಿಲಿನ್ ಜಾತಿಯವು ಹೃದಯಾಘಾತದ ನಂತರ ಬ್ಯಾಡ. ಎಸ್ಸಿಟಾಲೋಪ್ರಾಂ ಕೊಡೋದಾದ್ರ ಇಸಿಜಿಯಾಗ ಕ್ಯೂಟಿ ಅನ್ನೋ ಅಂತರ (ಅದು ಉದ್ದಾದ್ರ ಬಡಿತದ ಲಯ ಕೆಡಬಹುದು) ನೋಡ್ಕೋಬೇಕು. ರಕ್ತ ಹೆಪ್ಪುಗಟ್ಟದಂಗ ತಡಿಯೋ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಜೊತಿ ಸೆರ್ಟ್ರಲಿನ್, ಎಸ್ಸಿಟಾಲೋಪ್ರಾಂ ಕೂಡಿದ್ರ ರಕ್ತಸ್ರಾವ ಹೆಚ್ಚಬಹುದು. ಮಲ ಡಾಂಬರಿನಂಗ ಕರ್ರಗಾದ್ರ ತಡಾ ಮಾಡಬ್ಯಾಡ್ರಿ.

ಪಡುಬಿದ್ರಿ ಸಿಸ್ಟರ್ (ತುರ್ತು ಘಟಕ)
ಎಲ್ಲರೂ ಒತ್ತಡದಿಂದ ಹೃದಯಾಘಾತ ಬರುತ್ತದಾ ಅಂತ ಮಾತಾಡುತ್ತಿದ್ದೀರಿ. ಜೀವ ತೆಗೆಯುವ ಇನ್ನೊಂದು ತಪ್ಪು ಇದೆ: ಹೃದಯಾಘಾತವನ್ನೇ 'ಟೆನ್ಷನ್', 'ಗ್ಯಾಸ್ಟ್ರಿಕ್' ಅನ್ನುವುದು. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚಾಗಿ ಆಗುತ್ತದೆ. ಅವರಲ್ಲಿ ಎದೆನೋವಿಗಿಂತ ಉಸಿರು ಕಟ್ಟುವುದು, ಬೆವರು, ದವಡೆ ಅಥವಾ ಬೆನ್ನು ನೋವು, ವಾಕರಿಕೆ ಮುಂದೆ ಕಾಣಬಹುದು. ಆತಂಕದ ದಾಳಿಯಲ್ಲೂ ಇವೇ ಇರುತ್ತವೆ, ಹಾಗಾಗಿ ಮನೆಯಲ್ಲಿ ಕೂತು ಬೇರ್ಪಡಿಸಲು ಆಗುವುದಿಲ್ಲ. ಇನೋ ಕುಡಿದು ಕಾಯಬೇಡಿ. ಲಕ್ಷಣ ಕೆಲವು ನಿಮಿಷದಲ್ಲಿ ಹೋಗದಿದ್ದರೆ 108ಕ್ಕೆ ಕರೆ ಮಾಡಿ, ಸ್ವತಃ ಗಾಡಿ ಓಡಿಸಬೇಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬೇಕು. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಕೇಳಿ ಮಾಡಿಸಿಕೊಳ್ಳಿ. ಮೊದಲ ಇಸಿಜಿ ಸರಿ ಇದ್ದರೂ ಮುಗಿಯಲಿಲ್ಲ, ಟ್ರೋಪೋನಿನ್ ಕೆಲವು ಗಂಟೆ ಬಿಟ್ಟು ಎರಡನೇ ಸಲ ನೋಡಬೇಕು.

ಹೇಮಾವತಿ ದಂಡೆ
ಸ್ವಭಾವ ಅಳೆಯುವ ಬೇಡಿಕೆ ಬಿಟ್ಟು ಖಿನ್ನತೆಯ ಎರಡು ಪ್ರಶ್ನೆಗೆ ಒಪ್ಪುತ್ತೇನೆ. ಇನ್ನೊಂದು ಸಂದೇಹ: ಭಯಕ್ಕೇ ಬಿಪಿ ಏರುವವರಿಗೆ ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಎಡಹೃತ್ಕುಕ್ಷಿ
ತೋಳಿಗೆ ಸುತ್ತುವ ಯಂತ್ರವೇ ಇರಲಿ, ಮಣಿಕಟ್ಟಿನದ್ದು ಬೇಡ. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೂರಿ, ತೋಳು ಎದೆಮಟ್ಟದಲ್ಲಿಟ್ಟು ಐದು ನಿಮಿಷ ಮಾತಿಲ್ಲದೆ ಕೂರಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಅದನ್ನು 'ಬರೀ ಟೆನ್ಷನ್' ಅನ್ನಬೇಡಿ, ವೈದ್ಯರಿಗೆ ತೋರಿಸಿ. ಒಂದೇ ಸಲದ ಏರಿಕೆ ಕಂಡು ಮೇಲಿಂದ ಮೇಲೆ ಪಟ್ಟಿ ಬಿಗಿಯುತ್ತ ಹೋದರೆ ಆ ಗಾಬರಿಗೇ ಅಂಕಿ ಏರುತ್ತದೆ. ಮನಸ್ಸು ಹಗುರಾಯಿತು ಅಂತ ನಾಡಿ, ಬಿಪಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ನಾಡಿ, ಬಿಪಿ ಮರಳಿ ಜಿಗಿದು ಎದೆನೋವು ತರಬಹುದು. ಬಿಡುವುದಿದ್ದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.