ಗರ್ಭಕೋಶದ ಆಪರೇಷನ್ ಆದ ಮೇಲೆ ಗಾಯದ ಫೋಟೋ: ಡಾಕ್ಟರಮ್ಮನನ್ನು ಕೇಳಿ (ಹೆಣ್ಮಕ್ಕಳ ಫೋನ್ ಗುಂಪಿನ ಮಾತುಕತೆ)

ಸಿಂಧನೂರಿನಿಂದ: ಮೇಡಂ, ಅವ್ವನಿಗೆ ರಾಯಚೂರಲ್ಲಿ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು. 5 ದಿನ ಆಯಿತು. ದಿನಾ ಹೊಲಿಗೆಯ ಫೋಟೋ ತೆಗೆದಿಟ್ಟರೆ ಉಪಯೋಗ ಇದೆಯಾ?

ಡಾಕ್ಟರ್: ಇದೆ. ಕೆಂಪು ಹರಡುತ್ತಿದೆಯಾ ಅಂತ ಹೋಲಿಸಿ ನೋಡಬಹುದು. ಒಂದೇ ಹೊತ್ತಿಗೆ, ಕಿಟಕಿ ಬೆಳಕಲ್ಲಿ, ಅಷ್ಟೇ ದೂರದಿಂದ ತೆಗೆಯಿರಿ. ಫ್ಲ್ಯಾಷ್, ಬ್ಯೂಟಿ ಮೋಡ್ ಬೇಡ, ನಿಜವಾದ ಬಣ್ಣ ಬರುವುದಿಲ್ಲ. ಫೋಟೋಗೋಸ್ಕರ ಪಟ್ಟಿ ಬಿಚ್ಚಬೇಡಿ. ಮುಖ ಬೀಳಬಾರದು. ಅವ್ವ ಬೇಡ ಅಂದರೆ ಬೇಡ. ಜ್ವರ, ವಾಸನೆ, ನೋವು ಫೋಟೋದಲ್ಲಿ ಕಾಣುವುದಿಲ್ಲ. ಜ್ವರ 100.4 ಡಿಗ್ರಿ ಮುಟ್ಟಿದರೆ ಆಸ್ಪತ್ರೆಗೆ ಹೋಗಿ.

ಮಾನ್ವಿಯಿಂದ: ಅರಿಶಿನ, ಸುಣ್ಣ ಕಲಸಿ ಹಚ್ಚಿದರೆ ಮೂರೇ ದಿನಕ್ಕೆ ಒಣಗುತ್ತದಂತೆ. ಫಾರ್ವರ್ಡ್ ಬಂದಿತ್ತು.

ಡಾಕ್ಟರ್: ಹಚ್ಚಬೇಡಿ. ಸುಣ್ಣ ಚರ್ಮ ಸುಡುತ್ತದೆ. ಅರಿಶಿನದಡಿ ಕೆಂಪು ಮುಚ್ಚಿಹೋಗುತ್ತದೆ.

ಗಂಗಾವತಿಯಿಂದ: ಅತ್ತಿಗೆಯ ಫೋಟೋ ಹಾಕಿದ್ದೇನೆ. ಅದೇ ಆಪರೇಷನ್, ಇವತ್ತು 7ನೇ ದಿನ. ಹೊಲಿಗೆ ಚೆನ್ನಾಗೇ ಇದೆ. ಬೆಳಿಗ್ಗೆ ಕೆಮ್ಮಿದಾಗ ಮಾತ್ರ ಗುಲಾಬಿ ಬಣ್ಣದ ನೀರು ಬಂದು ಸೀರೆ ನೆನೆಯಿತು. ನೋವೇನೂ ಇಲ್ಲ.

ಡಾಕ್ಟರ್: ಈಗಲೇ 108ಕ್ಕೆ ಫೋನ್ ಮಾಡಿ. ಫೋಟೋದಲ್ಲಿ ಚರ್ಮ ಕೂಡಿದಂತೆ ಕಾಣುತ್ತದೆ, ನನಗೆ ಭಯ ಇರುವುದು ಒಳಗಿನ ಹೊಲಿಗೆಯದು. ಮಾಂಸ ತೊಳೆದಂಥ ನೀರು ಏಕಾಏಕಿ ಸುರಿದರೆ ಒಳಪದರ ಬಿಟ್ಟುಕೊಂಡಿರಬಹುದು. ಇನ್ನೊಮ್ಮೆ ಜೋರಾಗಿ ಕೆಮ್ಮಿದರೆ ಕರುಳು ಹೊರಬರಬಹುದು. ಮೊಣಕಾಲು ಮಡಿಸಿ ಅಂಗಾತ ಮಲಗಿಸಿ. ಊಟ, ನೀರು, ಚಹಾ ಏನೂ ಕೊಡಬೇಡಿ. ಕರುಳು ಕಂಡರೆ ಒಳಗೆ ತಳ್ಳಬೇಡಿ, ಸ್ವಚ್ಛ ಬಟ್ಟೆ ನೆನೆಸಿ ಮೇಲೆ ಮುಚ್ಚಿ. ನೋವಿಲ್ಲ ಅಂತ ಕಾಯಬೇಡಿ. ಆ ಫೋಟೋ ಗುಂಪಿನಿಂದ ಅಳಿಸಿ.

ಲಿಂಗಸುಗೂರಿನಿಂದ: ಎಲ್ಲರೂ ಹೆಣ್ಮಕ್ಕಳೇ ಅಲ್ವಾ, ಫೋಟೋ ಇದ್ದರೆ ಏನಾಯಿತು?

ಕೊಪ್ಪಳದಿಂದ: ನಮ್ಮ ಫೋನಲ್ಲಿ ಬಂದದ್ದೆಲ್ಲ ತಾನೇ ಸೇವ್ ಆಗುತ್ತದೆ. ಮಗ, ಮೈದುನ ಎಲ್ಲರೂ ನೋಡುತ್ತಾರೆ. ಆಕೆಯನ್ನು ಕೇಳಿ ಹಾಕಿದ್ದಾರಾ?

ಲಿಂಗಸುಗೂರಿನಿಂದ: ಜೀವ ದೊಡ್ಡದೋ, ಮಾನ ದೊಡ್ಡದೋ?

ಕೊಪ್ಪಳದಿಂದ: ಡಾಕ್ಟರಿಗೊಬ್ಬರಿಗೇ ಕಳಿಸಿದರೆ ಎರಡೂ ಉಳಿಯುತ್ತಿತ್ತು. ನಿಮ್ಮ ಹೊಟ್ಟೆಯದು ಹಾಕಿ ನೋಡೋಣ.

ಮಸ್ಕಿಯಿಂದ: ಮೇಡಂ, ಸಣ್ಣ ತೂತು ಮಾಡಿ ಮಾಡುವ ದೂರ್ಬೀನು ಆಪರೇಷನ್ ಆದವರೂ ದಿನಾ ಫೋಟೋ ತೆಗೆಯಬೇಕಾ?

ಮಾನ್ವಿಯಿಂದ: ಸುಣ್ಣ ಬೇಡ, ಸರಿ. ಬರೀ ಅರಿಶಿನ, ಕೊಬ್ಬರಿ ಎಣ್ಣೆ?

ಡಾಕ್ಟರ್: ಬೇಡ. ಹೇಳಿಯಾಯಿತು.

ದೇವದುರ್ಗದಿಂದ: ನೀರಿನ ಕೊಡ ಎತ್ತಬಹುದಾ?

ಡಾಕ್ಟರ್: 6 ವಾರ ಬೇಡ. ಜಗಳ ನಿಲ್ಲಿಸಿ. ಗಂಗಾವತಿಯವರೇ, ಹೊರಟಿರಾ?

ಗಂಗಾವತಿಯಿಂದ: ಆಂಬ್ಯುಲೆನ್ಸ್ ಹತ್ತಿದೆವು ಮೇಡಂ. ಫೋಟೋ ಅಳಿಸಿದೆ.

ಡಾಕ್ಟರ್: ಹೋದ ತಕ್ಷಣ ಆ ನೀರಿನ ವಿಷಯ ಮೊದಲು ಹೇಳಿ. ನೆನೆದ ಸೀರೆ ಜೊತೆಗಿದ್ದರೆ ತೋರಿಸಿ.